ಕೂಳೆ ಜೋಳದ ಚಿಗುರು ಮತ್ತು ನಮ್ಮ ಸರ್ಜಾ

ಸಿಂದಗಿ ಕಡೆಯ ನಮ್ಮ ಎರೆ ಹೊಲಗಳಲ್ಲಿ ಹಿಂಗಾರಿ ಜೋಳ ಕೊಯ್ದ ಮೇಲೆ ಕೂಳೆ ನೆಲದಲ್ಲೇ ಉಳಿಯುತ್ತದೆ. ಬಿಸಿಲಿಗೆ ಸತ್ತಂತೆ ಕಂಡರೂ ಅಶ್ವಿನಿ, ಭರಣಿ ಮಳೆ ಬಿದ್ದರೆ ಸಾಕು, ಬುಡದಿಂದ ಚಿಗುರೊಡೆಯುತ್ತದೆ. ತಿಂಗಳುಗಟ್ಟಲೆ ಒಣ ಕಣಿಕೆ ಮೆಲ್ಲುವ ದನಕ್ಕೆ ಆ ಹಸಿರು ಕಂಡರೆ ಕಾಲು ನಿಲ್ಲುವುದಿಲ್ಲ. ನಮ್ಮ ಖಿಲಾರಿ ಎತ್ತು ಸರ್ಜಾ ಸತ್ತದ್ದು ಅದನ್ನು ತಿಂದೇ.

ಗೂಟ ಕಿತ್ತುಕೊಂಡು ಪಕ್ಕದ ಹೊಲಕ್ಕೆ ನುಗ್ಗಿತ್ತು. ಹಿಡಿದು ತರುವಷ್ಟರಲ್ಲಿ ಬಾಯಲ್ಲಿ ಜೊಲ್ಲು, ಏದುಸಿರು, ಮೈಯೆಲ್ಲ ನಡುಕ. ತೂರಾಡಿ ಬಿದ್ದಿತು. ಹಾವು ಕಚ್ಚಿರಬೇಕೆಂದು ಕಾಕಾ ಕಾಲುಗಳನ್ನು ತಡವಿ ನೋಡಿದರು. ಪಶುವೈದ್ಯರು ದಾರಿಯಲ್ಲಿರುವಾಗಲೇ ಉಸಿರು ನಿಂತಿತು. ಅವರು ಬಂದು ಒಸಡು, ಕಣ್ಣಿನ ಒಳರೆಪ್ಪೆ ತೆರೆದು ತೋರಿಸಿದರು. ಸತ್ತ ಎತ್ತಿನಲ್ಲಿ ಅಷ್ಟು ಹೊಳೆಯುವ ಕೆಂಪು!

ಎಳೆ ಜೋಳದಲ್ಲಿ ಧುರಿನ್ ಎಂಬ ಅಂಶವಿರುತ್ತದೆ. ದನ ಅಗಿದು ನುಂಗಿದಾಗ ಅದು ಒಡೆದು ಸೈನೈಡ್ ಹುಟ್ಟುತ್ತದೆ. ಮೆಲುಕು ಹಾಕುವ ಪ್ರಾಣಿಯ ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳು ಅದನ್ನು ಇನ್ನಷ್ಟು ಬೇಗ ಬಿಡಿಸುತ್ತವೆ. ರಕ್ತದಲ್ಲಿ ಆಮ್ಲಜನಕವಿದ್ದರೂ ಜೀವಕೋಶಗಳು ಅದನ್ನು ಬಳಸಲಾರವು. ಅದಕ್ಕೇ ಆ ಕೆಂಪು. ಬರಕ್ಕೆ ಬಾಡಿದ ಬೆಳೆಯಲ್ಲಿ, ಮಳೆಯ ನಂತರದ ಹೊಸ ಚಿಗುರಿನಲ್ಲಿ ಈ ವಿಷ ಹೆಚ್ಚು.

ಸರ್ಜಾನನ್ನು ನಮ್ಮ ಹೊಲದ ಬದುವಿನಲ್ಲೇ ಹೂಳಿದೆವು. ಅವ್ವ ಹಣೆಗೆ ಭಂಡಾರ, ಕುಂಕುಮ ಹಚ್ಚಿ ಹೊಸ ಬಟ್ಟೆ ಹೊದಿಸಿದಳು. ಕಾರ ಹುಣ್ಣಿಮೆಗೆ ಕೊಂಬಿಗೆ ಬಣ್ಣ ಬಳಿಸಿಕೊಂಡು ಮಗುವಿನಂತೆ ನಿಲ್ಲುತ್ತಿದ್ದ ಎತ್ತು ಅದು. ಜೋಡಿ ಎತ್ತು ರಾಜಾ ಮೇವು ಮುಟ್ಟದೆ ನೊಗದ ಕಡೆಗೇ ನೋಡುತ್ತಿತ್ತು. ಅದರ ಕೊರಳು ತಬ್ಬಿಕೊಂಡು ನಾನೂ ಅತ್ತೆ.

ಊರಲ್ಲಿ ಈ ಮಾತು ಎತ್ತಿದಾಗಲೆಲ್ಲ ಹಿರಿಯರು, 'ಕೂಳೆ ನಾವೂ ಮೇಯಿಸಿದ್ದೇವೆ, ಏನೂ ಆಗಿಲ್ಲ' ಎನ್ನುತ್ತಾರೆ. ಅವರು ಹೇಳುವುದು ಸುಳ್ಳಲ್ಲ. ಹೊಟ್ಟೆ ತುಂಬಿದ ದನ ಅಲ್ಲೊಂದು ಇಲ್ಲೊಂದು ಬಾಯಿ ಹಾಕಿದರೆ ಉಳಿಯಬಹುದು. ಹಸಿದ ದನ ಗಬಗಬನೆ ತಿಂದರೆ ಅದೇ ಹೊಲದಲ್ಲಿ ಬೀಳುತ್ತದೆ. ಒಮ್ಮೆ ಏನೂ ಆಗಲಿಲ್ಲ ಎಂಬ ಧೈರ್ಯವೇ ನಮ್ಮ ಭಾಗದಲ್ಲಿ ದನಗಳನ್ನು ಕೊಲ್ಲುತ್ತಿದೆ ಎಂದು ನಾನು ನಂಬಿದ್ದೇನೆ.

ಈಗ ರಾಶಿ ಮುಗಿದ ಕೂಡಲೇ ಕೂಳೆ ಕಿತ್ತು ಹೊಲ ಹರಗುತ್ತೇನೆ. ಹಸಿ ಜೋಳದ ಮೇವನ್ನು ಹೂ ಬಿಟ್ಟ ನಂತರವೇ ಕೊಯ್ಯುತ್ತೇನೆ. ಅರ್ಧ ಬಾಡಿದ ಮೇವನ್ನು ಎಂದೂ ನಂಬುವುದಿಲ್ಲ. ಚೆನ್ನಾಗಿ ಒಣಗಿದರೆ ಮಾತ್ರ ವಿಷ ಇಳಿಯುತ್ತದೆ. ಮೇಯಲು ಬಿಡುವ ಮುನ್ನ ಕಣಿಕೆ ಹಾಕಿ ಹಸಿವು ತಣಿಸುತ್ತೇನೆ.

ಇದಕ್ಕೆ ಮದ್ದಿದೆ: ಸೋಡಿಯಂ ನೈಟ್ರೈಟ್ ಮತ್ತು ಸೋಡಿಯಂ ಥಯೋಸಲ್ಫೇಟ್, ವೈದ್ಯರು ರಕ್ತನಾಳಕ್ಕೆ ಕೊಡುತ್ತಾರೆ. ಆದರೆ ಸಮಯ ನಿಮಿಷಗಳಲ್ಲಿರುತ್ತದೆ. ಪಶು ಸಹಾಯವಾಣಿ 1962ಕ್ಕೆ ಕರೆ ಮಾಡುವಾಗ 'ಎತ್ತು ಬಿದ್ದಿದೆ' ಎಂದಷ್ಟೇ ಹೇಳಬೇಡಿ. 'ಎಳೆ ಜೋಳ ತಿಂದಿದೆ' ಎಂಬುದು ಮೊದಲ ಮಾತಾಗಿರಲಿ, ಬರುವವರು ಆ ಮದ್ದು ಹಿಡಿದೇ ಹೊರಡಲಿ.