ಡರ್ಟ್ ಬೈಕಿಗೆ ಒಗ್ಗಿಸಿಕೊಂಡ ಲಿಫ್ಟ್: ನನ್ನ ಅನುಭವ

ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿರುವ ನಮ್ಮ ಮನೆಯ ಗ್ಯಾರೇಜಿನಲ್ಲಿ, ನನ್ನ ಹಿಂದಿನ ಕ್ರೂಸರ್ ಬೈಕಿನ ಕಾಲದಿಂದಲೂ ಒಂದು ಹೈಡ್ರಾಲಿಕ್ ಲಿಫ್ಟ್ ಇದೆ. 1,500 ಪೌಂಡ್, ಅಂದರೆ ಸುಮಾರು 680 ಕೆ.ಜಿ. ಭಾರ ಹೊರಬಲ್ಲ, ರಬ್ಬರ್ ಹೊದಿಸಿದ ಎರಡು ತೋಳುಗಳ ಸಾಧಾರಣ ಲಿಫ್ಟ್ ಅದು. ಕ್ರೂಸರನ್ನು ಮಾರಿ, ಮಣ್ಣುದಾರಿಯಲ್ಲೂ ಓಡಿಸಬಲ್ಲ ಡರ್ಟ್ ಬೈಕಾದ ಸುಜುಕಿ ಡಿಆರ್‌ಝಡ್ 400 ಎಸ್ ತಂದಾಗ, ಇದರ ತೂಕ 144 ಕೆ.ಜಿ. ಮಾತ್ರವಾದ್ದರಿಂದ ಲಿಫ್ಟಿಗೆ ಇದೊಂದು ಲೆಕ್ಕವೇ ಅಲ್ಲ ಎಂದುಕೊಂಡಿದ್ದೆ. ಆದರೆ ತೊಡಕು ಇದ್ದದ್ದು ತೂಕದಲ್ಲಲ್ಲ, ಬೈಕಿನ ಆಕಾರದಲ್ಲಿ ಮತ್ತು ಸಸ್ಪೆನ್ಷನ್ನಿನಲ್ಲಿ.

ಈ ಬೈಕಿನ ಹೊಟ್ಟೆ ನೆಲದಿಂದ 300 ಮಿ.ಮೀ. ಎತ್ತರದಲ್ಲಿದೆ. ನನ್ನ ಲಿಫ್ಟ್ ಹೆಚ್ಚೆಂದರೆ 430 ಮಿ.ಮೀ. ಏರುತ್ತದೆ. ಹಾಗಾದರೆ ಚಕ್ರಗಳು 130 ಮಿ.ಮೀ. ಮೇಲೇಳಬೇಕಲ್ಲವೇ ಎಂದರೆ, ಇಲ್ಲ. ನಿಂತ ಬೈಕು ತನ್ನದೇ ಭಾರಕ್ಕೆ ಸ್ಪ್ರಿಂಗುಗಳನ್ನು ಅದುಮಿಕೊಂಡಿರುತ್ತದೆ. ಫ್ರೇಮನ್ನು ಎತ್ತುತ್ತಾ ಹೋದಂತೆ ಸ್ಪ್ರಿಂಗುಗಳು ಬಿಚ್ಚಿಕೊಂಡು, ಚಕ್ರಗಳು ನೆಲಕ್ಕೇ ಅಂಟಿಕೊಂಡಿರುತ್ತವೆ. ನನ್ನ ಬೈಕಿನಲ್ಲಿ ಹೀಗೆ ವ್ಯರ್ಥವಾಗುವ ಎತ್ತರ ಸುಮಾರು 40 ಮಿ.ಮೀ. ಎಂದು ಟೇಪು ಹಿಡಿದು ಅಳೆದುಕೊಂಡೆ. ಉಳಿಯುವುದು 90 ಮಿ.ಮೀ. ಕುಳಿತು ಕೆಲಸ ಮಾಡಲು ಅದು ಸಾಲದು. ಇದಲ್ಲದೆ, ಲಿಫ್ಟಿನ ತೋಳುಗಳ ನಡುವೆ ಗೇಣಿಗೂ ಸ್ವಲ್ಪ ಹೆಚ್ಚಿನ ಅಂತರವಿದ್ದು, ಎಂಜಿನ್ನಿನ ಕೆಳಗೆ ಹಾದುಹೋಗುವ ಫ್ರೇಮಿನ ಜೋಡಿ ಪೈಪುಗಳು ಅದಕ್ಕಿಂತ ಹತ್ತಿರ ಹತ್ತಿರ ಇರುವುದರಿಂದ, ಬೈಕು ತೋಳುಗಳ ಮೇಲೆ ಕೂರುವ ಬದಲು ಅವುಗಳ ಸಂದಿನಲ್ಲಿ ಇಳಿದುಬಿಡುತ್ತದೆ.

ಎರಡಕ್ಕೂ ಒಂದೇ ಪರಿಹಾರವಾಗಿ ಮರದ ಪೀಠವೊಂದನ್ನು ಮಾಡಿದೆ. ಇಲ್ಲಿನ ಮರದಂಗಡಿಯಲ್ಲಿ ‘ಎರಡು-ಆರು’ (ಇಂಚು) ಎಂದು ಮಾರುವ ಹಲಗೆಯ ನಿಜವಾದ ಅಳತೆ 38 ಮತ್ತು 140 ಮಿ.ಮೀ.; ಹೆಸರನ್ನು ನಂಬಿ ಲೆಕ್ಕ ಹಾಕಿದರೆ ಎತ್ತರ ತಪ್ಪುತ್ತದೆ. ಎರಡು ತುಂಡುಗಳನ್ನು ಒಂದರ ಪಕ್ಕ ಒಂದರಂತೆ ತೋಳಿನಿಂದ ತೋಳಿಗೆ ಅಡ್ಡಲಾಗಿ ಇಟ್ಟೆ. ಮರದ ನಾರು ಕೂಡ ತೋಳಿನಿಂದ ತೋಳಿಗೇ ಹಾಯಬೇಕು, ಇಲ್ಲದಿದ್ದರೆ ಭಾರ ಬಿದ್ದಾಗ ಹಲಗೆ ಸೀಳುತ್ತದೆ. ಅವುಗಳ ಮೇಲೆ ಉದ್ದುದ್ದಕ್ಕೆ ಮತ್ತೆರಡು ತುಂಡುಗಳನ್ನು ಬೋಲ್ಟು ಹಾಕಿ ಬಿಗಿದು, ಫ್ರೇಮಿನ ಪೈಪುಗಳು ಕೂರುವಂತೆ 15 ಮಿ.ಮೀ. ಆಳದ ತೋಡುಗಳನ್ನು ಉಳಿಯಿಂದ ಕೊರೆದು, ಒಳಮೈಗೆ ಹಳೆಯ ಟ್ಯೂಬಿನ ರಬ್ಬರ್ ಅಂಟಿಸಿದೆ. ಪೀಠ ಅತ್ತಿತ್ತ ಜಾರದಂತೆ ಅಡಿಯಲ್ಲಿ ತೋಳುಗಳ ಒಳಮೈಗೆ ತಾಗುವ ಎರಡು ಪಟ್ಟಿಗಳನ್ನು ಹೊಡೆದೆ. ಈ ಬೈಕಿನಲ್ಲಿ ಆಯಿಲ್ ಫ್ರೇಮಿನೊಳಗೇ ಇರುವುದರಿಂದ ಮುಂದಿನ ಪೈಪಿನ ಬುಡದಲ್ಲಿ ಅದನ್ನು ಹೊರಬಿಡುವ ಡ್ರೈನ್ ಬೋಲ್ಟ್ ಇದೆ. ಅದರ ಮೇಲೆ ಭಾರ ಬೀಳಕೂಡದೆಂದು ಪೀಠದ ಮುಂತುದಿಯನ್ನು ಅದಕ್ಕಿಂತ ಹಿಂದೆಯೇ ಮುಗಿಸಿದೆ. ಎಂಜಿನ್ನಿನ ಅಡಿಗೆ ಕಲ್ಲು ಬಡಿಯದಂತೆ ನಾನು ಹಾಕಿಸಿದ್ದ ಅಲ್ಯೂಮಿನಿಯಂ ಸ್ಕಿಡ್ ಪ್ಲೇಟನ್ನು ಎತ್ತುವ ಮೊದಲು ಪ್ರತಿ ಸಲವೂ ಬಿಚ್ಚುತ್ತೇನೆ. ಇಷ್ಟರಿಂದ 61 ಮಿ.ಮೀ. ಎತ್ತರ ಸೇರಿ, ಚಕ್ರದ ಕೆಳಗೆ ಸುಮಾರು 150 ಮಿ.ಮೀ. ಜಾಗ ಸಿಕ್ಕಿತು.

ಮೊದಲ ಸಲ ಎತ್ತಿದಾಗ ಬೈಕು ಅಲುಗಾಡದೆ ನಿಂತಿತು. ಆ ಧೈರ್ಯದಲ್ಲಿ ಹಿಂದಿನ ಆಕ್ಸಲ್ ಎಳೆದು, ಚೈನು ಕಳಚಿ, ಚಕ್ರವನ್ನು ಹಿಂದಕ್ಕೆ ಸರಿಸುತ್ತಿದ್ದಂತೆ, ಹ್ಯಾಂಡಲ್ ಹಿಡಿದು ನಿಂತಿದ್ದ ನನ್ನ ಹೆಂಡತಿ, “ರೀ, ಮುಂದಕ್ಕೆ ವಾಲ್ತಾ ಇದೆ, ಬೇಗ ಬನ್ನಿ!” ಎಂದು ಕೂಗಿದಳು. ಸೀಟನ್ನು ಹಿಂದಿನಿಂದ ಅದುಮಿ ಹಿಡಿಯದಿದ್ದರೆ ಬೈಕು ಅವಳ ಕಾಲ ಮೇಲೆಯೇ ಬೀಳುತ್ತಿತ್ತು. ಹಿಂಚಕ್ರ ಹೋದೊಡನೆ ಭಾರದ ಕೇಂದ್ರ ಮುಂದಕ್ಕೆ ಸರಿಯುತ್ತದೆ ಎಂಬುದು ತಿಳಿಯದ ವಿಷಯವೇನಲ್ಲ, ಆದರೆ ಪೀಠ ಎಲ್ಲಿರಬೇಕೆಂಬುದಕ್ಕೆ ಅದನ್ನು ಅನ್ವಯಿಸಿ ನೋಡಿರಲಿಲ್ಲ. ಅಂದಿನಿಂದ ಹಿಂಚಕ್ರ ತೆಗೆಯುವುದಿದ್ದರೆ ಪೀಠವನ್ನು ಎರಡು ಬೆರಳು ಮುಂದಕ್ಕೂ, ಮುಂಚಕ್ರ ತೆಗೆಯುವುದಿದ್ದರೆ ಅಷ್ಟೇ ಹಿಂದಕ್ಕೂ ಇಡುತ್ತೇನೆ. ಎರಡೂ ಜಾಗಗಳನ್ನು ಲಿಫ್ಟಿನ ತೋಳಿನ ಮೇಲೆ ಬಣ್ಣದಲ್ಲಿ ಗುರುತು ಮಾಡಿದ್ದೇನೆ. ಜೊತೆಗೆ ಫುಟ್‌ಪೆಗ್ಗುಗಳ ಬ್ರಾಕೆಟ್ಟಿನಿಂದ ಲಿಫ್ಟಿನ ಅಡಿಚೌಕಟ್ಟಿಗೆ ಎಡಬಲ ಒಂದೊಂದು ಸ್ಟ್ರ್ಯಾಪ್ ಬಿಗಿಯದೆ ಒಂದು ನಟ್ಟನ್ನೂ ಸಡಿಲಿಸುವುದಿಲ್ಲ.

ಹೈಡ್ರಾಲಿಕ್ ಒತ್ತಡ ನಿಧಾನವಾಗಿ ಇಳಿಯುವುದುಂಟು. ಆದ್ದರಿಂದ ಎತ್ತಿದ ಕೂಡಲೇ ಲಿಫ್ಟಿನ ಲಾಕ್ ಹಾಕಿ, ಭಾರವನ್ನು ಅದರ ಮೇಲೆ ಕೂರಿಸುತ್ತೇನೆ. ಹೇವರ್ಡ್ ಭೂಕಂಪ ರೇಖೆ ಹಾದುಹೋಗುವ ಊರಿದು, ಹಾಗಾಗಿ ಕೆಲಸ ಮುಗಿಯದಿದ್ದರೂ ರಾತ್ರಿ ಬೈಕನ್ನು ಲಿಫ್ಟಿನ ಮೇಲೆ ಬಿಡುವುದಿಲ್ಲ.

ಕಳೆದ ವಾರ ಇದೇ ಪೀಠದ ಮೇಲೆ ಹಿಂದಿನ ಸಸ್ಪೆನ್ಷನ್ನಿನ ಲಿಂಕೇಜನ್ನು, ಅಂದರೆ ಶಾಕ್ ಅಬ್ಸಾರ್ಬರಿಗೆ ಜೋಡಿಸಿರುವ ಕೊಂಡಿಗಳನ್ನು, ಪೂರ್ತಿ ಬಿಚ್ಚಿದೆ. ಡರ್ಟ್ ಬೈಕ್ ಓಡಿಸುವ ಹಾಲಿಸ್ಟರ್ ಹಿಲ್ಸ್ ಪಾರ್ಕಿನ ಧೂಳು ಕುಡಿದ ಗ್ರೀಸು ಕರಿಹಿಟ್ಟಿನಂತಾಗಿತ್ತು, ಸೂಜಿಯಂಥ ತೆಳು ಉರುಳೆಗಳಿರುವ ಒಂದು ನೀಡಲ್ ಬೇರಿಂಗಿನಲ್ಲಿ ಕೆಂಪು ತುಕ್ಕು ಕಾಣತೊಡಗಿತ್ತು. ಅದನ್ನು ಬದಲಿಸಿ, ಉಳಿದವನ್ನು ತೊಳೆದು, ಹೊಸ ಗ್ರೀಸು ತುಂಬಿ ಜೋಡಿಸುವವರೆಗೆ, ಸುಮಾರು ನಾಲ್ಕು ಗಂಟೆಗಳ ಕಾಲ, ಬೈಕು ಒಂದು ಕೂದಲೆಳೆಯಷ್ಟೂ ಕದಲಲಿಲ್ಲ.