ಬಾನೆಟ್‌ಗೆ ಕಿಂಡಿ: ಗಾಳಿಗೊಂದು ದಾರಿ, ನೀರಿಗೊಂದು ದಾರಿ

ಮೇ ತಿಂಗಳ ಮಧ್ಯಾಹ್ನ ಕಲಬುರಗಿಯಲ್ಲಿ ಸುಮ್ನೆ ನಿಂತ ಜೀಪಿನ ಬಾನೆಟ್ ಮೇಲೂ ಕೈ ಇಡಲು ಆಗುವುದಿಲ್ಲ. ಅಂಥ 42–43 ಡಿಗ್ರಿ ಬಿಸಿಲಲ್ಲಿ ಹೊಲದ ಬಂಡಿದಾರಿ ಹಿಡಿದು, ಫಸ್ಟ್ ಗೇರ್‌ನಲ್ಲಿ, ಎಸಿ ಹಾಕಿಕೊಂಡು ಅರ್ಧ ಗಂಟೆ ತೆವಳಿದರೆ ಟೆಂಪರೇಚರ್ ಮುಳ್ಳು ಮೇಲೇರದೆ ಇರುತ್ತದಾ? ಆಗ ಆಫ್‌ರೋಡ್ ಹುಚ್ಚಿನ ಗೆಳೆಯರೆಲ್ಲ ಹೇಳುವ ಮದ್ದು ಒಂದೇ: ಬಾನೆಟ್ ಕೊರೆಸಿ ವೆಂಟ್ ಹಾಕಿಸು.

ಹಾಕಿಸಬಹುದು. ನಾನೂ ಹಾಕಿಸಿದ್ದೇನೆ. ಆದರೆ ಮೇ ತಿಂಗಳಲ್ಲಿ ಬಿಸಿಗಾಳಿ ಹೊರಗೆ ಹೋದ ಕಿಂಡಿಯಿಂದಲೇ ಜೂನ್‌ನಲ್ಲಿ ಮಳೆನೀರು ಒಳಗೆ ಬರುತ್ತದೆ. ಹಾಗಾಗಿ ತಗಡು ಕತ್ತರಿಸುವ ಜಿಗ್‌ಸಾ ಗರಗಸ ಕೈಗೆತ್ತಿಕೊಳ್ಳುವ ಮೊದಲು ಆ ನೀರು ಎಲ್ಲಿ ಬಿದ್ದು ಎಲ್ಲಿಗೆ ಹೋಗಬೇಕು ಅನ್ನುವುದು ತೀರ್ಮಾನ ಆಗಿರಬೇಕು. ಹೆಚ್ಚಿನವರು ಇದನ್ನು ತಿರುಗಾಮುರುಗಾ ಮಾಡುತ್ತಾರೆ. ಮೊದಲು ಕೊರೆಸಿ, ಮೊದಲ ಮಳೆಯಲ್ಲಿ ಗಾಡಿ ಕೈಕೊಟ್ಟ ಮೇಲೆ ಯೋಚಿಸುತ್ತಾರೆ.

ಮೊದಲು ಬಿಸಿಯ ಕಾರಣ ಹುಡುಕಿ

ಎರಡು ವರ್ಷದ ಹಿಂದೆ ತೊಗರಿ ರಾಶಿ ಮುಗಿದ ಹೊತ್ತಿಗೆ ನನ್ನ ಹಳೇ ಡೀಸೆಲ್ ಜೀಪು ಪದೇ ಪದೇ ಬಿಸಿಯಾಗತೊಡಗಿತು. ಬಾನೆಟ್ ಕೊರೆಸಬೇಕೆಂದೇ ಗ್ಯಾರೇಜಿಗೆ ಹೋದೆ. ಮಿಸ್ತ್ರಿ ಆ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. "ಮೊದಲ ರೇಡಿಯೇಟರ್ ಬಿಚ್ಚಿ ನೋಡೋಣ್ರಿ ಅಣ್ಣಾರ, ಬಾನೆಟ್ ಕೊಯ್ಯೋದು ಇದ್ದೇ ಅದ" ಎಂದರು. ಎಸಿ ಕಂಡೆನ್ಸರ್ ಸರಿಸಿದಾಗ ಅದರ ಹಿಂದೆ, ರೇಡಿಯೇಟರ್ ಮುಖದ ತುಂಬ, ತೊಗರಿ ಹೊಟ್ಟು ಕಂಬಳಿಯ ಹಾಗೆ ಮೆತ್ತಿಕೊಂಡಿತ್ತು. ಅದರ ಮೇಲೆ ಎರೆ ಮಣ್ಣು ಸಿಡಿದು, ಒಣಗಿ, ಬೆಂದು ಗಟ್ಟಿಯಾಗಿತ್ತು. ಉಗುರಿನಿಂದ ಕೆರೆದರೆ ಹಪ್ಪಳದಂತೆ ಎದ್ದು ಬಂತು. ಎಂಜಿನ್ ಕಡೆಯಿಂದ ಹೊರಮುಖವಾಗಿ ನಿಧಾನಕ್ಕೆ ನೀರು ಬಿಟ್ಟು ತೊಳೆದ ಮೇಲೆ ಅರ್ಧ ಕಾಯಿಲೆ ವಾಸಿ.

ಹಾಗಾಗಿ ರೇಡಿಯೇಟರ್ ಮುಖ, ಕೂಲೆಂಟ್ ಮಟ್ಟ, ಥರ್ಮೋಸ್ಟಾಟ್, ರೇಡಿಯೇಟರ್ ಮುಚ್ಚಳದ ರಬ್ಬರ್, ಫ್ಯಾನ್, ಬೆಲ್ಟ್, ಇಷ್ಟನ್ನೂ ಮೊದಲು ನೋಡಿಸಿ. ಬಿಸಿ ಇರುವಾಗ ಮುಚ್ಚಳ ತೆರೆಯಬೇಡಿ, ಕುದಿಯುವ ಕೂಲೆಂಟ್ ಮುಖಕ್ಕೆ ಹಾರುತ್ತದೆ. ಇನ್ನೊಂದು ಸುಲಭದ ಗುರುತು ಇದೆ. ಹೈವೇಯಲ್ಲಿ ವೇಗವಾಗಿ ಹೋಗುವಾಗ ಗಾಡಿ ಬಿಸಿಯಾದರೆ ತೊಂದರೆ ಹೆಚ್ಚಾಗಿ ರೇಡಿಯೇಟರ್ ಅಥವಾ ಕೂಲೆಂಟ್ ಓಡಾಟದಲ್ಲಿ ಇರುತ್ತದೆ. ವೆಂಟ್ ಅದಕ್ಕೆ ಮದ್ದಲ್ಲ. ಹೈವೇಯಲ್ಲಿ ಸರಿ ಇದ್ದು, ನಿಧಾನ ಹೋಗುವಾಗ ಮಾತ್ರ ಬಿಸಿಯಾಗುತ್ತದಾ? ಫ್ಯಾನೂ ಸರಿ ಇದೆಯಾ? ಹಾಗಾದರೆ ಒಳಗೆ ಬಂದ ಗಾಳಿ ಹೊರಗೆ ಹೋಗುತ್ತಿಲ್ಲ. ವೆಂಟ್ ಕೆಲಸಕ್ಕೆ ಬರುವುದು ಇಲ್ಲೇ.

ಎಲ್ಲಿ ಕೊರೆಯಬೇಕು?

ಗ್ರಿಲ್‌ನಿಂದ ಬಂದ ಗಾಳಿ ರೇಡಿಯೇಟರ್ ದಾಟಿ, ಎಂಜಿನ್ ಸುತ್ತಿ, ಗಾಡಿಯ ಅಡಿಯಿಂದ ಹೊರಬೀಳಬೇಕು. ನಿಧಾನ ಹೋಗುವಾಗ ಅದು ಬಾನೆಟ್ ಕೆಳಗೇ ಕೂತುಬಿಡುತ್ತದೆ. ಮೇಲೊಂದು ಕಿಂಡಿ ಸಿಕ್ಕರೆ ತಾನಾಗಿ ಏರಿ ಹೋಗುತ್ತದೆ.

ಬಹಳ ಜನ ಎಡವುವುದು ಜಾಗ ಆರಿಸುವಾಗ. ನೋಡಲು ಚೆಂದ ಎಂದು ಮುಂದಿನ ಗಾಜಿನ ಬುಡಕ್ಕೆ ಕಿಂಡಿ ಇಡುತ್ತಾರೆ. ಗಾಡಿ ಓಡುವಾಗ ಎದುರುಗಾಳಿ ಗಾಜಿಗೆ ಬಡಿದು ಅಲ್ಲಿ ಒತ್ತಡ ಜಾಸ್ತಿ ಆಗುತ್ತದೆ. ಆಗ ಅಲ್ಲಿನ ಕಿಂಡಿ ಗಾಳಿಯನ್ನು ಹೊರಹಾಕುವ ಬದಲು ಒಳಕ್ಕೆ ತಳ್ಳುತ್ತದೆ, ಮಳೆ ಬಂದರೆ ನೀರನ್ನೂ ಜೊತೆಗೆ. ಇನ್ನೊಂದು ಕಿರಿಕಿರಿ: ಕ್ಯಾಬಿನ್‌ಗೆ ಹೊರಗಾಳಿ ಎಳೆದುಕೊಳ್ಳುವ ಜಾಲರಿಯೂ ಹೆಚ್ಚಿನ ಗಾಡಿಗಳಲ್ಲಿ ಗಾಜಿನ ಬುಡದಲ್ಲೇ ಇರುತ್ತದೆ. ಗಾಡಿ ನಿಂತಾಗ ಎಂಜಿನ್ ಬಿಸಿಯೆಲ್ಲ ನಿಮ್ಮ ಮುಖಕ್ಕೇ. ಒತ್ತಡ ಕಡಿಮೆ ಇರುವುದು ಸಾಮಾನ್ಯವಾಗಿ ಬಾನೆಟ್‌ನ ಮುಂಭಾಗದಲ್ಲಿ, ರೇಡಿಯೇಟರ್ ಹಿಂದಿನ ಜಾಗದಲ್ಲಿ.

ಇದನ್ನು ಊಹೆಗೆ ಬಿಡಬೇಕಾಗಿಲ್ಲ. ಗೌಂಡಿಗಳು ಮಟ್ಟ ನೋಡಲು ಬಳಸುವ ಪಾರದರ್ಶಕ ಪೈಪ್ ಇದೆಯಲ್ಲ, ಅದೇ ಸಾಕು. ಕ್ಯಾಬಿನ್ ಒಳಗೆ ಪೈಪನ್ನು ತೊಟ್ಟಿಲಿನಂತೆ, ಇಂಗ್ಲಿಷಿನ U ಆಕಾರಕ್ಕೆ ಬಗ್ಗಿಸಿ, ಒಂದು ರಟ್ಟಿಗೆ ಕಟ್ಟಿ, ಬಣ್ಣದ ನೀರು ತುಂಬಿ. ಒಂದು ತುದಿ ಬಾನೆಟ್ ಕೆಳಗೆ ಇರಲಿ, ಫ್ಯಾನು, ಬೆಲ್ಟಿನಿಂದ ದೂರ. ಇನ್ನೊಂದು ತುದಿಯನ್ನು ನೀವು ಆರಿಸಿದ ಜಾಗದಲ್ಲಿ ಬಾನೆಟ್ ಮೇಲೆ ಟೇಪ್‌ನಿಂದ ಅಂಟಿಸಿ. ಅದರ ಬಾಯಿ ಗಾಳಿಗೆ ಎದುರಾಗಬಾರದು, ಅಡ್ಡಕ್ಕೆ ಇರಬೇಕು. ಸಮತಟ್ಟಾದ ಖಾಲಿ ರಸ್ತೆಯಲ್ಲಿ 60 ಕಿ.ಮೀ. ವೇಗದಲ್ಲಿ ಹೋಗಿ. ಪಕ್ಕದಲ್ಲಿ ಕೂತವರು ನೀರು ನೋಡಲಿ, ನೀವು ರಸ್ತೆ ನೋಡಿ. ಬಾನೆಟ್ ಮೇಲಿನ ತುದಿಯ ಕಡೆ ನೀರು ಏರಿದರೆ ಅಲ್ಲಿ ಹೊರಗಿನ ಒತ್ತಡ ಕಡಿಮೆ ಎಂದರ್ಥ. ಕಿಂಡಿ ಅಲ್ಲೇ ಇರಲಿ. ನೀರು ಇಳಿದರೆ ಆ ಜಾಗ ಬೇಡ. ಈ ವೇಗದಲ್ಲಿ ವ್ಯತ್ಯಾಸ ಕಾಣುವುದು ಒಂದೆರಡು ಸೆಂಟಿಮೀಟರ್ ಅಷ್ಟೇ, ಹಾಗಾಗಿ ಏರು-ತಗ್ಗಿನ ರಸ್ತೆಯಲ್ಲಿ ಈ ಆಟ ನಡೆಯುವುದಿಲ್ಲ.

ಗಾಳಿಗೆ ಜಾಗ ಸಿಕ್ಕಿತು. ಈಗ ಅದೇ ಜಾಗದ ನೇರ ಕೆಳಗೆ ಏನಿದೆ ನೋಡಿ. ಫ್ಯೂಸ್ ಬಾಕ್ಸ್, ಬ್ಯಾಟರಿ, ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್), ಆಲ್ಟರ್ನೇಟರ್, ಏರ್ ಫಿಲ್ಟರ್‌ಗೆ ಗಾಳಿ ಎಳೆಯುವ ಬಾಯಿ, ಇವುಗಳಲ್ಲಿ ಯಾವುದೇ ಇದ್ದರೂ ಕಿಂಡಿಯನ್ನು ಪಕ್ಕಕ್ಕೆ ಸರಿಸಿ.

ಕಾನೂನಿನ ಮಾತು

ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರ ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸಬಾರದು. 2019ರ ತಿದ್ದುಪಡಿಯಲ್ಲಿ ಬಂದ 182ಎ ಕಲಂನಲ್ಲಿ ಅನುಮತಿಯಿಲ್ಲದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಇದೆ. ಕೊರೆಯುವ ಮೊದಲು ಆರ್‌ಟಿಒ ಕಚೇರಿಯಲ್ಲೂ ವಿಮೆ ಕಂಪನಿಯಲ್ಲೂ ಬರಹದಲ್ಲಿ ಕೇಳಿ. ವಾರಂಟಿ ಇರುವ ಹೊಸ ಗಾಡಿಗೆ ಕೈ ಹಚ್ಚದಿರುವುದೇ ಒಳ್ಳೆಯದು. ನಾನು ಗುಜರಿ ಅಂಗಡಿಯಲ್ಲಿ ಅದೇ ಮಾಡೆಲ್ಲಿನ ಹಳೇ ಬಾನೆಟ್ ಹುಡುಕಿ ಅದನ್ನು ಕೊರೆಸಿದೆ. ಮೂಲ ಬಾನೆಟ್ ಅಟ್ಟದ ಮೇಲಿದೆ. ಬೇಡ ಅನ್ನಿಸಿದ ದಿನ ನಾಲ್ಕು ಬೋಲ್ಟ್‌ನ ಕೆಲಸ.

ಕೊರೆಯುವುದು

ಬಾನೆಟ್ ಬಿಚ್ಚುವ ಮುನ್ನ ಕೀಲುಗಳ ಸುತ್ತ ಮಾರ್ಕರ್‌ನಿಂದ ಗೆರೆ ಹಾಕಿ, ಮತ್ತೆ ಕೂರಿಸುವಾಗ ಸಂದು ಸರಿಯಾಗಿ ಬರುತ್ತದೆ. ವಾಷರ್ ನೀರಿನ ಪೈಪ್ ಕಳಚಿ. ಇಬ್ಬರು ಹಿಡಿದು ಇಳಿಸಿ, ಹಳೇ ಗೋಣಿಚೀಲದ ಮೇಲೆ ತಿರುಗಿಸಿ ಇಡಿ. ಕೆಳಮೈಯ ಅಡ್ಡಪಟ್ಟಿಗಳೇ ಬಾನೆಟ್‌ನ ಬೆನ್ನೆಲುಬು. ಅವುಗಳ ನಡುವಿನ ತಗಡನ್ನು ಮಾತ್ರ ಕತ್ತರಿಸಬೇಕು. ಲಾಕ್ ಮತ್ತು ಕೀಲಿನ ಹತ್ತಿರ ಹೋಗಲೇಬೇಡಿ.

ರಟ್ಟಿನಲ್ಲಿ ಅಚ್ಚು ಮಾಡಿ, ಮೇಲ್ಮೈಗೆ ಮಾಸ್ಕಿಂಗ್ ಟೇಪ್ ಹಚ್ಚಿ ಗೆರೆ ಎಳೆಯಿರಿ. ನಾಲ್ಕೂ ಮೂಲೆಗೆ ಮೊದಲು ದುಂಡನೆ ರಂಧ್ರ ಕೊರೆಯಿರಿ, ಚೂಪು ಮೂಲೆ ಬಿಟ್ಟರೆ ಗಾಡಿ ಅದುರಿ ಅದುರಿ ಅಲ್ಲಿಂದಲೇ ತಗಡು ಸೀಳುತ್ತದೆ. ಆಮೇಲೆ ಸಣ್ಣ ಹಲ್ಲಿನ ಲೋಹದ ಬ್ಲೇಡ್ ಹಾಕಿದ ಜಿಗ್‌ಸಾದಿಂದ ಕತ್ತರಿಸಿ. ಗ್ರೈಂಡರ್ ಬೇಗ ಕೊಯ್ಯುತ್ತದೆ ನಿಜ, ಆದರೆ ಅದರ ಕಿಡಿ ಪೇಂಟ್ ಸುಡುತ್ತದೆ, ಹತ್ತಿರದ ಗಾಜಿಗೆ ಅಂಟಿ ಚುಕ್ಕಿ ಬೀಳಿಸುತ್ತದೆ. ಅಂಚನ್ನು ಅರದಿಂದ ಉಜ್ಜಿ, ಝಿಂಕ್ ಪ್ರೈಮರ್, ಮೇಲೆ ಪೇಂಟ್. ಬೇಸಿಗೆಯಲ್ಲಿ ಈ ಕೆಲಸ ಉಳಿಸಿದವರ ಬಾನೆಟ್ ಮಳೆಗಾಲದ ಕೊನೆಗೆ ತುಕ್ಕು ಕಾರುತ್ತದೆ.

ಕಿಂಡಿಗೆ ಕೂರಿಸುವ ಓರೆ ಪಟ್ಟಿಗಳ ಜಾಲರಿಗೆ ಲೂವರ್ ಅನ್ನುತ್ತಾರೆ. ಲೂವರ್‌ನ ಬಾಯಿ ಹಿಂದಕ್ಕೆ, ಗಾಜಿನ ಕಡೆಗೆ ತೆರೆದಿರಬೇಕು. ಸುತ್ತ ರಬ್ಬರ್ ಗ್ಯಾಸ್ಕೆಟ್ ಕೂರಿಸಿ, ಅದುರಿದರೂ ಸಡಿಲವಾಗದ ನೈಲಾಕ್ ನಟ್‌ನಿಂದ ಬಿಗಿಯಿರಿ. ಸಾದಾ ನಟ್ ಕಳಚಿ ಫ್ಯಾನ್ ಮೇಲೆ ಬಿದ್ದರೆ ರೇಡಿಯೇಟರ್ ಗತಿ ಹೇಳಬೇಕಾಗಿಲ್ಲ.

ನೀರಿನ ತಟ್ಟೆ

ಓಡುತ್ತಿರುವ ಗಾಡಿಗೆ ಮಳೆ ಅಷ್ಟೇನೂ ಕಾಟ ಕೊಡುವುದಿಲ್ಲ. ಹೊರಗೆ ನುಗ್ಗುವ ಬಿಸಿಗಾಳಿ ಹನಿಗಳನ್ನು ತಳ್ಳುತ್ತದೆ, ಬಿಸಿ ಎಂಜಿನ್ ಮೇಲೆ ಬಿದ್ದದ್ದು ಆವಿಯಾಗುತ್ತದೆ. ತೊಂದರೆ ಇರುವುದು ರಾತ್ರಿಯಿಡೀ ಬಯಲಲ್ಲಿ ನಿಂತು ನೆನೆಯುವ ಗಾಡಿಗೆ.

ಅದಕ್ಕೇ ಕಿಂಡಿಯ ಕೆಳಗೆ, ಬಾನೆಟ್‌ಗೇ ಜೋಡಿಸಿದ ಒಂದು ತಟ್ಟೆ ಬೇಕು. ಒಂದು ಮಿ.ಮೀ. ದಪ್ಪದ ಅಲ್ಯೂಮಿನಿಯಂ ತಗಡು ಸಾಕು. ಕಿಂಡಿಗಿಂತ ಎಲ್ಲ ಕಡೆ ಮೂರು ಸೆಂ.ಮೀ. ದೊಡ್ಡದಿರಲಿ, ಅಂಚು ಮೇಲಕ್ಕೆ ಮಡಚಿರಲಿ, ಒಂದು ಮೂಲೆಗೆ ಇಳಿಜಾರು ಇರಲಿ. ಆ ಮೂಲೆಗೆ ಬಿಸಿ ತಡೆಯುವ ಸಿಲಿಕಾನ್ ಪೈಪ್ ಜೋಡಿಸಿ, ಬಾನೆಟ್ ಅಂಚಿನ ಆಚೆಗೆ, ಬೆಲ್ಟ್ ಮತ್ತು ಸೈಲೆನ್ಸರ್ ಪೈಪ್‌ನಿಂದ ದೂರ, ನೀರು ಇಳಿಸಿ.

ತಟ್ಟೆ ತೀರಾ ಹತ್ತಿರವಿದ್ದರೆ ಗಾಳಿಯೂ ನಿಲ್ಲುತ್ತದೆ. ಲೆಕ್ಕ ಸುಲಭ. ನನ್ನ ಕಿಂಡಿ 25 ಸೆಂ.ಮೀ. ಉದ್ದ, 12 ಸೆಂ.ಮೀ. ಅಗಲ. ಅಂದರೆ 300 ಚದರ ಸೆಂ.ಮೀ. ಲೂವರ್ ಪಟ್ಟಿಗಳು ಅರ್ಧ ನುಂಗಿದರೆ ಉಳಿದದ್ದು 150. ಕಿಂಡಿಯ ಸುತ್ತಳತೆ 74 ಸೆಂ.ಮೀ. ತಟ್ಟೆಯ ಅಂಚಿಗೂ ಬಾನೆಟ್‌ಗೂ ನಡುವೆ 2 ಸೆಂ.ಮೀ. ಸಂದು ಬಿಟ್ಟರೆ ಹತ್ತಿರ ಹತ್ತಿರ ಅಷ್ಟೇ ಜಾಗ ಸಿಗುತ್ತದೆ, ಗಾಳಿಗೆ ಅಡ್ಡಿಯಿಲ್ಲ.

ಆದರೆ ತಟ್ಟೆಗೂ ಎಂಜಿನ್‌ಗೂ ನಡುವೆ ಜಾಗ ಇದೆಯೇ? ಇದನ್ನು ಕೊರೆಯುವ ಮೊದಲೇ ನೋಡಿರಬೇಕು. ಜೋಳದ ರೊಟ್ಟಿಗೆ ನಾದಿದ ಹಿಟ್ಟು ಒಂದಿಷ್ಟು ಕೇಳಿ ಪಡೆಯಿರಿ, ನನ್ನ ಹಾಗೆ ಹೇಳದೆ ತಂದು ಬೈಸಿಕೊಳ್ಳಬೇಡಿ. ತಣ್ಣಗಿರುವ ಎಂಜಿನ್‌ನ ಎತ್ತರದ ಜಾಗಗಳಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿ, ಅದರ ಮೇಲೆ ಉಂಡೆ ಇಟ್ಟು ಬಾನೆಟ್ ಮುಚ್ಚಿ ತೆಗೆಯಿರಿ. ಉಂಡೆ ಎಷ್ಟು ಎತ್ತರಕ್ಕೆ ಚಪ್ಪಟೆಯಾಗಿ ಉಳಿದಿದೆಯೋ ಅಷ್ಟೇ ನಿಮಗಿರುವ ಜಾಗ. ಎಂಜಿನ್ ಅಲುಗಾಡುತ್ತದೆ, ಹಾಗಾಗಿ ಅದರಲ್ಲೂ ಒಂದೆರಡು ಸೆಂ.ಮೀ. ಬಿಡಿ.

ಎಲ್ಲ ಕೂರಿಸಿದ ಮೇಲೆ ಪರೀಕ್ಷೆ. ತಣ್ಣನೆ ಎಂಜಿನ್ ಮೇಲೆ ನಿನ್ನೆಯ ಪೇಪರ್ ಹಾಸಿ, ಬಾನೆಟ್ ಮುಚ್ಚಿ, ಗಿಡಕ್ಕೆ ನೀರು ಹಾಕುವ ಝಾರಿಯಿಂದ ಒಂದು ಕೊಡ ನೀರು ಸುರಿಯಿರಿ. ಪೇಪರ್ ಎಲ್ಲಿ ಒದ್ದೆಯಾಗಿದೆಯೋ ಅಲ್ಲಿ ತಟ್ಟೆ ಸರಿಯಿಲ್ಲ. ಗಾಡಿ ಚಾಲೂ ಮಾಡುವ ಮುನ್ನ ಪೇಪರ್ ತೆಗೆಯಲು ಮರೆಯಬೇಡಿ.

ವೈರಿಂಗ್ ಕಡೆಗೂ ಒಮ್ಮೆ ಕಣ್ಣು ಹಾಯಿಸಿ. ಕನೆಕ್ಟರ್‌ಗೆ ಬರುವ ವೈರ್ ಮೇಲಿನಿಂದ ನೇರ ಇಳಿದರೆ ನೀರು ಅದರ ಗುಂಟ ಜಾರಿ ಪಿನ್ನಿಗೇ ಹೋಗುತ್ತದೆ. ವೈರ್ ಸ್ವಲ್ಪ ಜೋತು ಬಿದ್ದು ಮತ್ತೆ ಮೇಲೇರುವಂತೆ ಕಟ್ಟಿದರೆ ಹನಿ ಕೆಳಗೇ ಉದುರುತ್ತದೆ. ಕನೆಕ್ಟರ್ ಬಿಚ್ಚಿ, ನೀರು ತಡೆಯುವ ಡೈಎಲೆಕ್ಟ್ರಿಕ್ ಗ್ರೀಸ್ ಹಚ್ಚಿಸಿ. ವಾಟರ್ ವಾಶ್‌ಗೆ ಬಿಟ್ಟಾಗ ಪ್ರೆಶರ್ ಗನ್ ಕಿಂಡಿಗೆ ಹಿಡಿಯಬೇಡಿ ಎಂದು ಹುಡುಗನಿಗೆ ನಿಂತು ಹೇಳಿ. ಮಳೆಗಾಲದಲ್ಲಿ ರಾತ್ರಿ ಕಿಂಡಿ ಮುಚ್ಚಲು ಮ್ಯಾಗ್ನೆಟ್ ಹಾಳೆ ಒಳ್ಳೆಯದು, ಬಾನೆಟ್ ಉಕ್ಕಿನದಾಗಿದ್ದರೆ ಮಾತ್ರ ಅಂಟುತ್ತದೆ. ಹೊರಡುವಾಗ ತೆಗೆಯಿರಿ.

ಹಳ್ಳ ದಾಟುವಾಗ

ನಿಂತ ನೀರಿಗೆ ವೇಗವಾಗಿ ನುಗ್ಗಿದರೆ ಅಲೆ ಎದ್ದು ಬಾನೆಟ್ ಮೇಲೇ ಬರುತ್ತದೆ. ಮೊದಲು ಗ್ರಿಲ್‌ನಿಂದ ಮಾತ್ರ ಬರುತ್ತಿದ್ದ ನೀರು ಈಗ ಮೇಲಿನ ಕಿಂಡಿಯಿಂದಲೂ ಬರುತ್ತದೆ, ಅಷ್ಟು ನೀರನ್ನು ಯಾವ ತಟ್ಟೆಯೂ ತಡೆಯದು. ಏರ್ ಫಿಲ್ಟರ್ ಬಾಯಿಗೆ ನೀರು ಹೋದರೆ ಸಿಲಿಂಡರ್‌ನಲ್ಲಿ ಪಿಸ್ಟನ್‌ಗೆ ಅದನ್ನು ಒತ್ತಲು ಆಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ನೀರಲ್ಲಿ ಎಂಜಿನ್ ನಿಂತರೆ ಮತ್ತೆ ಸೆಲ್ಫ್ ಹೊಡೆಯಬೇಡಿ, ಎಳೆಸಿಕೊಂಡು ಬನ್ನಿ.

ನೀರಿನ ಆಳಕ್ಕೆ ಕಂಪನಿ ಮಿತಿ ಹೇಳಿರುತ್ತದೆ. 2020ರ ಮಹೀಂದ್ರ ಥಾರ್ ಜೀಪಿಗೆ ಅದು 650 ಮಿ.ಮೀ. ಕಿಂಡಿ ಕೊರೆಸಿದ ಗಾಡಿಗೆ ನಾನು ಅಷ್ಟು ದೂರ ಹೋಗುವುದಿಲ್ಲ, ಟೈರಿನ ಅರ್ಧಕ್ಕೆ ನಿಲ್ಲಿಸುತ್ತೇನೆ. ಎಸಿ ಆಫ್ ಮಾಡಿ, ಮನುಷ್ಯ ನಡೆಯುವ ವೇಗದಲ್ಲಿ ಹೋಗಿ. ಹರಿಯುವ ನೀರಿಗಂತೂ ಇಳಿಯಲೇಬೇಡಿ. ಮಳಖೇಡದ ಹತ್ತಿರ ಕಾಗಿಣಾ ಸೇತುವೆ ಮೇಲೆ ಹರಿಯಿತೆಂಬ ಸುದ್ದಿ ಮಳೆಗಾಲದಲ್ಲಿ ಓದುತ್ತಲೇ ಇರುತ್ತೇವೆ, ಅಲ್ವಾ? ಸುಮಾರು ಎರಡು ಅಡಿ ಹರಿವು ಜೀಪನ್ನೂ ತೇಲಿಸಿಬಿಡುತ್ತದೆ.

ಕೊನೆಯದಾಗಿ ತಟ್ಟೆಯ ಪೈಪ್. ನಮ್ಮ ಮನೆ ಮುಂದೆ ಬೇವಿನ ಮರ ಇದೆ. ಯುಗಾದಿ ಹೊತ್ತಿಗೆ ಅದರ ಹೂವೆಲ್ಲ ಲೂವರ್ ಸಂದಿನಿಂದ ತಟ್ಟೆಗೆ ಬಿದ್ದು ಪೈಪ್ ಕಟ್ಟಿಕೊಂಡಿದ್ದು ನನಗೆ ಗೊತ್ತೇ ಆಗಲಿಲ್ಲ. ಮೊದಲ ಮಳೆಯ ಮರುದಿನ ಎಣ್ಣೆ ನೋಡೋಣ ಎಂದು ಬಾನೆಟ್ ಎತ್ತಿದೆ. ತಟ್ಟೆಯಲ್ಲಿ ನಿಂತಿದ್ದ ಚೆಂಬು ನೀರು ಸರ್‍ರನೆ ಹಿಂದಕ್ಕೆ ಜಾರಿ ಎಂಜಿನ್ ಮೇಲೆ ಸುರಿಯಿತು. ಈಗ ಡ್ಯಾಶ್‌ಬೋರ್ಡ್‌ನಲ್ಲಿ ಹಳೇ ಸೈಕಲ್ ಸ್ಪೋಕ್ ಒಂದು ಇಟ್ಟಿದ್ದೇನೆ. ವಾರಕ್ಕೊಮ್ಮೆ ಪೈಪಿಗೆ ತೂರಿಸಿ ಎಳೆದರೆ ಹೂವು, ಎಲೆ, ಧೂಳು ಎಲ್ಲ ಉಂಡೆಯಾಗಿ ಹೊರಗೆ ಬರುತ್ತದೆ.