ಹಸಿರು ತರಕಾರಿ ರಸ: ಸೊಪ್ಪು ಹಿಡಿಯಷ್ಟು, ಸೌತೆಕಾಯಿ ಧಾರಾಳ

ಹಸಿರು ರಸ ಎಂದೊಡನೆ ಹೆಚ್ಚಿನವರ ಕೈ ಸೊಪ್ಪಿನ ಕಟ್ಟಿನತ್ತ ಹೋಗುತ್ತದೆ. ನಾನು ಮೊದಲು ಎತ್ತಿಕೊಳ್ಳುವುದು ಸೌತೆಕಾಯಿಯನ್ನು. ಲೋಟದ ಮುಕ್ಕಾಲು ಪಾಲು ನೀರಿನಂಶ ಹೆಚ್ಚಿರುವ ತರಕಾರಿಯಿಂದಲೇ ಬರಬೇಕು. ಸೊಪ್ಪು ಇರುವುದು ಬಣ್ಣಕ್ಕೆ, ಪರಿಮಳಕ್ಕೆ, ಒಂದಿಷ್ಟು ಸತ್ವಕ್ಕೆ. ಈ ಲೆಕ್ಕ ತಿರುಗುಮುರುಗಾದರೆ ರಸ ಗಂಟಲಲ್ಲಿ ಇಳಿಯುವುದಿಲ್ಲ. ಮೂಗು ಮುಚ್ಚಿಕೊಂಡು ಕುಡಿಯಬೇಕಾದ ರಸವನ್ನು ಯಾರೂ ಬಹಳ ಕಾಲ ಕುಡಿಯುವುದಿಲ್ಲ.

ಸೌತೆಕಾಯಿಯ ತೂಕದಲ್ಲಿ ಸುಮಾರು ಶೇ. 95ರಷ್ಟು ನೀರೇ ಇದೆ. ಸೆಲರಿ ದಂಟೂ ಹೆಚ್ಚುಕಡಿಮೆ ಹಾಗೆಯೇ. ನಾನು ಎರಡು ಸಣ್ಣ ಲೋಟ ರಸಕ್ಕೆ 300 ಗ್ರಾಂ ಸೌತೆಕಾಯಿ, ಅರ್ಧ ಹಸಿರು ಸೇಬು, ಸುಮಾರು 40 ಗ್ರಾಂ ಸೊಪ್ಪು, ಹತ್ತು ಹನ್ನೆರಡು ಪುದೀನ ಎಲೆ, ಅರ್ಧ ಅಂಗುಲ ಶುಂಠಿ, ಅರ್ಧ ನಿಂಬೆಹಣ್ಣು ತೆಗೆದುಕೊಳ್ಳುತ್ತೇನೆ. ಒಂದು ಚಿಟಿಕೆ ಉಪ್ಪನ್ನು ಮರೆಯುವುದಿಲ್ಲ. ಉಪ್ಪು ಸೊಪ್ಪಿನ ಕಹಿಯನ್ನು ತಗ್ಗಿಸುತ್ತದೆ, ಈ ಕೆಲಸದಲ್ಲಿ ಅದು ಸಕ್ಕರೆಗಿಂತ ಮೇಲು. ಸೇಬನ್ನು ಅರ್ಧಕ್ಕಿಂತ ಹೆಚ್ಚು ಹಾಕಿದರೆ ಅದು ಹಣ್ಣಿನ ರಸವಾಗುತ್ತದೆ, ತರಕಾರಿ ರಸವಾಗಿ ಉಳಿಯುವುದಿಲ್ಲ.

ಹೆಚ್ಚುವ ಮೊದಲು ಒಂದು ಕೆಲಸ ಕಡ್ಡಾಯ. ಸೌತೆಕಾಯಿಯ ತೊಟ್ಟಿನ ಕಡೆಯಿಂದ ಒಂದು ಚೂರು ಕತ್ತರಿಸಿ ನಾಲಿಗೆಗೆ ತಾಗಿಸಿ ನೋಡಬೇಕು. ಸೋರೆಕಾಯಿ ಬಳಸುವವರಂತೂ ಇದನ್ನು ಎಂದೂ ತಪ್ಪಿಸಬಾರದು. ಈ ಜಾತಿಯ ಕಾಯಿಗಳಲ್ಲಿ ಕೆಲವೊಮ್ಮೆ ಕುಕುರ್ಬಿಟಾಸಿನ್ ಎಂಬ ಕಹಿ ವಸ್ತು ಶೇಖರವಾಗಿರುತ್ತದೆ. ಅದು ವಿಷ. ಕಹಿ ಸೋರೆಕಾಯಿಯ ರಸ ಕುಡಿದು ವಾಂತಿ, ಭೇದಿ, ರಕ್ತಸ್ರಾವವಾಗಿ ಜೀವ ಕಳೆದುಕೊಂಡವರಿದ್ದಾರೆ. ಬೇಯಿಸಿದರೂ ಆ ವಿಷ ಹೋಗುವುದಿಲ್ಲ. ಶುಂಠಿ, ನಿಂಬೆ, ಹಾಗಲಕಾಯಿ ಸೇರಿದ ಮೇಲೆ ಸೋರೆಕಾಯಿಯ ಕಹಿ ಅವುಗಳ ರುಚಿಯ ಹಿಂದೆ ಅಡಗುತ್ತದೆ, ಆಗ ಎಚ್ಚರಿಕೆಯ ಗಂಟೆಯೇ ಕೇಳಿಸದು. ಆದ್ದರಿಂದ ಹಸಿ ಚೂರನ್ನೇ ರುಚಿ ನೋಡಿ. ಕಹಿಯಾಗಿದ್ದರೆ ಚೂರನ್ನು ಉಗುಳಿ, ಇಡೀ ಕಾಯಿಯನ್ನು ಎಸೆದುಬಿಡಿ. ಕಹಿಯಿದ್ದಷ್ಟೂ ಒಳ್ಳೆಯದು ಎಂಬ ಮಾತು ಇಲ್ಲಿ ಸಲ್ಲದು.

ಸೊಪ್ಪನ್ನು ಕಟ್ಟು ಬಿಚ್ಚದೆ ನೀರಿಗೆ ಅದ್ದಿ ತೆಗೆದರೆ ಬುಡದ ಮಣ್ಣು ಅಲ್ಲೇ ಉಳಿಯುತ್ತದೆ. ನಾನು ಎಲೆ ಬಿಡಿಸಿ, ಅಗಲವಾದ ಪಾತ್ರೆಯ ನೀರಿನಲ್ಲಿ ಆಡಿಸಿ, ಎಲೆಗಳನ್ನು ಮೇಲೆತ್ತಿದ ಬಳಿಕವೇ ನೀರು ಚೆಲ್ಲುತ್ತೇನೆ. ಪಾತ್ರೆಯ ತಳದಲ್ಲಿ ಮರಳು ಕಾಣದಾಗುವವರೆಗೆ ಹೀಗೆ ಮಾಡಿ, ಕೊನೆಗೆ ಹರಿಯುವ ನೀರಿನಲ್ಲಿ ತೊಳೆಯುತ್ತೇನೆ. ಸೋಪು ಬೇಡ. ಬಾಡಿದ ಎಲೆಯನ್ನು ಸ್ವಲ್ಪ ಹೊತ್ತು ತಣ್ಣೀರಿನಲ್ಲಿ ನೆನೆಸಿದರೆ ಮತ್ತೆ ಗರಿಗರಿಯಾಗುತ್ತದೆ. ಹಳದಿಯಾದದ್ದು, ಲೋಳೆಯಾದದ್ದು ಮಾತ್ರ ಎಷ್ಟು ತೊಳೆದರೂ ಬೇಡ.

ರಸ ತೆಗೆಯುವ ಯಂತ್ರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಿಧಾನವಾಗಿ ತಿರುಗಿ ಒತ್ತಿ ಹಿಂಡುವ ಜ್ಯೂಸರ್ ಸೊಪ್ಪಿನಿಂದ ಹೆಚ್ಚು ರಸ ತೆಗೆಯುತ್ತದೆ. ವೇಗವಾಗಿ ತಿರುಗುವ ಯಂತ್ರಕ್ಕೆ ಗಟ್ಟಿ ತರಕಾರಿಯೇ ಸರಿ, ಎಲೆಗಳು ಅರ್ಧಕ್ಕರ್ಧ ಹಾಗೇ ಹೊರಬೀಳುತ್ತವೆ. ಎಲೆಗಳನ್ನು ಸುರುಳಿ ಸುತ್ತಿ ಎರಡು ಸೌತೆಕಾಯಿ ತುಂಡುಗಳ ನಡುವೆ ತುರುಕಿದರೆ ತಕ್ಕಮಟ್ಟಿಗೆ ಉಪಯೋಗ. ನನಗೆ ಮಿಕ್ಸಿ ಮತ್ತು ತೆಳುವಾದ ಹತ್ತಿಬಟ್ಟೆ ಸಾಕು.

ಮಿಕ್ಸಿಯಲ್ಲಿ ಕ್ರಮ ಮುಖ್ಯ. ಮೊದಲು ಸೌತೆಕಾಯಿ ಮತ್ತು ಸೇಬು ಮಾತ್ರ. ನೀರು ಹಾಕುವುದಿಲ್ಲ, ಸೌತೆಕಾಯಿ ಒಂದೆರಡು ಸುತ್ತಿಗೇ ತನ್ನ ನೀರನ್ನು ಬಿಟ್ಟುಕೊಡುತ್ತದೆ. ಜಾರ್ ಬಿಸಿಯಾಗದಂತೆ ಎರಡು ಐಸ್ ತುಂಡು ಹಾಕುತ್ತೇನೆ. ಆ ತೆಳುವಾದ ರುಬ್ಬಿನಲ್ಲಿ ಸೊಪ್ಪು, ಶುಂಠಿ ಸುಲಭವಾಗಿ ನುಣ್ಣಗಾಗುತ್ತವೆ. ಪುದೀನ ಕೊನೆಗೆ, ಎರಡು ಸುತ್ತು ಮಾತ್ರ. ಹೆಚ್ಚು ರುಬ್ಬಿದರೆ ಪುದೀನ ಕಹಿಯಾಗುತ್ತದೆ, ಜಾರ್ ತುಂಬ ನೊರೆಯೂ ಏಳುತ್ತದೆ.

ಬಟ್ಟೆಯನ್ನು ಮೊದಲೇ ಒದ್ದೆ ಮಾಡಿ ಹಿಂಡಿಟ್ಟುಕೊಳ್ಳುತ್ತೇನೆ. ಒಣಬಟ್ಟೆಯಾದರೆ ಮೊದಲ ಗುಟುಕನ್ನು ಅದೇ ಕುಡಿದುಬಿಡುತ್ತದೆ. ರುಬ್ಬಿದ್ದನ್ನು ಸುರಿದಾಗ ತಿಳಿಹಸಿರು ರಸ ತಾನಾಗಿಯೇ ಇಳಿಯುತ್ತದೆ. ಅದು ನಿಂತ ಮೇಲೆ ಬಟ್ಟೆಯ ನಾಲ್ಕು ತುದಿ ಸೇರಿಸಿ, ತಿರುಚಿ, ಮೆಲ್ಲಗೆ ಹಿಂಡಿದರೆ ಕಡುಹಸಿರಿನ ದಪ್ಪ ಹನಿಗಳು ಬೆರಳ ಸಂದಿನಿಂದ ಒಸರುತ್ತವೆ. ಬಣ್ಣ, ಸಾರ ಎರಡೂ ಇರುವುದು ಅದರಲ್ಲಿಯೇ. ಅವಸರದಲ್ಲಿ ಒಮ್ಮೆಲೇ ಬಿಗಿದರೆ ಚರಟವೇ ಬಟ್ಟೆಯಿಂದ ನುಸುಳಿ ರಸ ಗಸಿಗಸಿಯಾಗುತ್ತದೆ. ಶೋಧಿಸಿದರೆ ನಾರು ಹೋಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಹೌದು, ಬಹುಪಾಲು ಹೋಗುತ್ತದೆ. ಅದಕ್ಕಾಗಿಯೇ ಈ ಲೋಟವನ್ನು ನಾನು ಊಟದ ಬದಲಿಗೆ ಎಂದೂ ಇಡುವುದಿಲ್ಲ. ತರಕಾರಿಯನ್ನು ಊಟದಲ್ಲಿ ಅಗಿದೇ ತಿನ್ನುತ್ತೇನೆ.

ನಿಂಬೆಯ ವಿಷಯದಲ್ಲಿ ಸೂಕ್ಷ್ಮವೊಂದಿದೆ. ಸೇಬು ಕತ್ತರಿಸಿದಾಗ ಕಂದಾಗುವುದು ಅದರಲ್ಲಿರುವ ಕಿಣ್ವ ಗಾಳಿಯ ಆಮ್ಲಜನಕದ ಜೊತೆ ನಡೆಸುವ ಕ್ರಿಯೆಯಿಂದ. ನಿಂಬೆಯ ಹುಳಿ ಆ ಕಿಣ್ವವನ್ನು ತಡೆಯುತ್ತದೆ. ಆದರೆ ಅದೇ ಹುಳಿ ಎಲೆಯ ಹಸಿರಿಗೆ ಶತ್ರು. ಎಲೆಯ ಬಣ್ಣಕ್ಕೆ ಕಾರಣವಾದ ಕ್ಲೋರೋಫಿಲ್‌ನ ನಡುವೆ ಮೆಗ್ನೀಸಿಯಂ ಪರಮಾಣು ಕುಳಿತಿರುತ್ತದೆ. ಆಮ್ಲ ತಾಗಿದಾಗ ಅದು ಕಳಚಿಕೊಂಡು ಎಲೆಹಸಿರು ಮಂಕು ಕಂದುಹಸಿರಾಗುತ್ತದೆ. ಹಾಗಾಗಿ ನಾನು ಸೇಬಿನ ಹೋಳುಗಳನ್ನು ಹೆಚ್ಚಿದ ಕೂಡಲೇ ಜಾರ್‌ಗೆ ಹಾಕಿ, ನಿಂಬೆಯನ್ನು ಕುಡಿಯುವ ಕ್ಷಣದಲ್ಲಿ ಲೋಟಕ್ಕೇ ಹಿಂಡುತ್ತೇನೆ.

ಸೊಪ್ಪು ಯಾವುದು ಎನ್ನುವುದು ಈ ಬರಹದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ. ಪಾಲಕ್ ರುಚಿಗೆ ಸೌಮ್ಯ, ಬಣ್ಣಕ್ಕೆ ಸೊಗಸು, ಆದರೆ ಅದರಲ್ಲಿ ಆಕ್ಸಲೇಟ್ ಎಂಬ, ಕ್ಯಾಲ್ಸಿಯಂ ಜೊತೆ ಸೇರಿ ಹರಳುಗಟ್ಟುವ ವಸ್ತು ತೀರಾ ಹೆಚ್ಚು. ಹಸಿ ಪಾಲಕ್ ರಸ ಕುಡಿದ ಮೇಲೆ ಹಲ್ಲಿನ ಮೇಲೆ ನಾಲಿಗೆ ಆಡಿಸಿ ನೋಡಿ, ಸುಣ್ಣ ಬಳಿದ ಗೋಡೆಯಂತೆ ಒರಟಾಗಿರುತ್ತದೆ. ಅದು ಆಕ್ಸಲೇಟ್‌ನ ಕೆಲಸ. ಬೇಯಿಸಿ ನೀರು ಬಸಿದರೆ ಒಂದಷ್ಟು ಆಕ್ಸಲೇಟ್ ನೀರಿನೊಂದಿಗೆ ಹೋಗುತ್ತದೆ. ಹಸಿ ರಸದಲ್ಲಿ ಆ ಅವಕಾಶವಿಲ್ಲ. ತಟ್ಟೆಯಲ್ಲಿಟ್ಟರೆ ಹಸಿಯಾಗಿ ತಿನ್ನಲಾಗದಷ್ಟು ಸೊಪ್ಪು ಒಂದು ಲೋಟದಲ್ಲಿ ಸಲೀಸಾಗಿ ಒಳಗಿಳಿಯುತ್ತದೆ ಎಂಬುದು ಇನ್ನೊಂದು ಅಪಾಯ. ದಿನವೂ ದೊಡ್ಡ ಪ್ರಮಾಣದಲ್ಲಿ ಇಂಥ ರಸ ಕುಡಿದು ಮೂತ್ರಪಿಂಡ ಹಾಳಾದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ. ದಂಟಿನ ಸೊಪ್ಪು, ಬೀಟ್‌ರೂಟ್ ಎಲೆ ಕೂಡ ಇದೇ ಗುಂಪಿನವು. ಹಾಗಾಗಿ ನನ್ನ ಲೋಟದಲ್ಲಿ ಹೆಚ್ಚಾಗಿ ಇರುವುದು ಲೆಟಿಸ್, ಕೊತ್ತಂಬರಿ, ಕೇಲ್ ಅಥವಾ ಎಲೆಕೋಸಿನ ಹಸಿರು ಹೊರಎಲೆ. ಪಾಲಕ್ ಆಗೊಮ್ಮೆ ಈಗೊಮ್ಮೆ ಮಾತ್ರ.

ಮೂತ್ರಪಿಂಡದಲ್ಲಿ ಕಲ್ಲಾದವರು, ಪೊಟ್ಯಾಸಿಯಂ ಮಿತಿಯಲ್ಲಿಡಬೇಕಾದ ಮೂತ್ರಪಿಂಡದ ರೋಗಿಗಳು ವೈದ್ಯರನ್ನು ಕೇಳದೆ ಇದಕ್ಕೆ ಕೈ ಹಾಕಬಾರದು. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುವವರೂ ಅಷ್ಟೇ: ಹಸಿರೆಲೆಗಳಲ್ಲಿ ತುಂಬಿರುವ ವಿಟಮಿನ್ ಕೆ ಆ ಔಷಧಕ್ಕೆ ಎದುರಾಗಿ ನಿಲ್ಲುತ್ತದೆ. ಗರ್ಭಿಣಿಯರು, ಪುಟ್ಟ ಮಕ್ಕಳು, ವಯಸ್ಸಾದವರು, ರೋಗನಿರೋಧಕ ಶಕ್ತಿ ಕುಗ್ಗಿದವರಿಗೆ ನಾನು ಹಸಿ ರಸ ಕೊಡುವುದಿಲ್ಲ, ಏಕೆಂದರೆ ಎಷ್ಟು ತೊಳೆದರೂ ಎಲೆಯ ಮೇಲಿನ ಬ್ಯಾಕ್ಟೀರಿಯಾ ಪೂರ್ತಿ ಹೋಗುವುದಿಲ್ಲ. ಅವರಿಗೆ ಅದೇ ತರಕಾರಿಯ ಸೂಪ್ ಮಾಡುತ್ತೇನೆ, ಅದೂ ರುಚಿಯೇ.

ತೆಗೆದ ರಸವನ್ನು ಆಗಲೇ ಕುಡಿಯುವುದು ಒಳ್ಳೆಯದು. ಗಾಳಿ ತಾಗಿದಷ್ಟೂ ವಿಟಮಿನ್ ಸಿ ಇಳಿಯುತ್ತದೆ. ಎತ್ತಿಡಲೇಬೇಕಾದರೆ ಗಾಜಿನ ಬಾಟಲಿಯನ್ನು ಕಂಠದವರೆಗೆ ತುಂಬಿ, ಬಿಗಿಯಾಗಿ ಮುಚ್ಚಿ ಫ್ರಿಜ್‌ನಲ್ಲಿಡಿ, 24 ಗಂಟೆಯೊಳಗೆ ಮುಗಿಸಿ. ಎಲೆಗಳಲ್ಲಿರುವ ಕ್ಯಾರೊಟಿನ್ ಮೈಗೆ ಹತ್ತಬೇಕಾದರೆ ಜಿಡ್ಡು ಬೇಕು, ಆದ್ದರಿಂದ ಲೋಟದ ಜೊತೆಗೆ ನಾಲ್ಕು ಬಾದಾಮಿ ಬಾಯಿಗೆ ಹಾಕಿಕೊಳ್ಳುತ್ತೇನೆ.

ಉಳಿದ ಚರಟ ಅಂದಿನ ಸೂಪಿಗೋ ಕಲಸುವ ಹಿಟ್ಟಿಗೋ ಹೋಗುತ್ತದೆ. ಮಿಕ್ಕರೆ ಗಿಡದ ಗೊಬ್ಬರಕ್ಕೆ. ಬಟ್ಟೆಯನ್ನು ಮಾತ್ರ ಕುಡಿಯಲು ಕೂರುವ ಮೊದಲೇ ತಣ್ಣೀರಿನಲ್ಲಿ ಜಾಲಾಡಿ, ಬಿಸಿನೀರಿನಲ್ಲಿ ಅದ್ದಿ ತೆಗೆದು ಒಣಹಾಕುತ್ತೇನೆ. ಒಣಗಿದ ಮೇಲೆ ತೊಳೆಯೋಣವೆಂದರೆ ಎಳೆಗಳ ನಡುವೆ ಸಿಕ್ಕಿದ ಸೊಪ್ಪು ಅಲ್ಲೇ ಕೂತು, ಮರುದಿನದ ರಸಕ್ಕೆ ಹುಳಿವಾಸನೆ ಅಂಟಿಸುತ್ತದೆ.